ಕರ್ನಾಟಕದ ಪುರಾತತ್ತ್ವ ಅಧ್ಯಯನ ಮತ್ತು ಹೊಸ ತಲೆಮಾರಿನ ಸಂಶೋಧಕರು: ಕೆಲವು ವಿಮರ್ಶಾತ್ಮಕ ಟಿಪ್ಪಣಿಗಳು

ಕರ್ನಾಟಕದ ಪುರಾತತ್ತ್ವ ಅಧ್ಯಯನವನ್ನು ಕುರಿತ ವಿಚಾರಸಂಕಿರಣಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಇಂದಿನ ಯುವಕರಿಗೆ ಕ್ಷೇತ್ರಕಾರ್ಯದಲ್ಲಿ ಆಸಕ್ತಿಯಿಲ್ಲ, ಬಿಸಿಲಿನಲ್ಲಿ ಗುಡ್ಡ ಹತ್ತುವ ತಾಳ್ಮೆಯಿಲ್ಲ, ಪದವಿ ಕೈಗೆ ಬಂದೊಡನೆ ಅವರು ವಿಷಯವನ್ನೇ ಬಿಟ್ಟುಬಿಡುತ್ತಾರೆ ಎಂಬುದು ಆ ಮಾತು. ಇದನ್ನು ಹೇಳುವವರಲ್ಲಿ ಹೆಚ್ಚಿನವರು ತಾವು ಕಾಲ್ನಡಿಗೆಯಲ್ಲಿ ತಾಲ್ಲೂಕುಗಳನ್ನು ಸುತ್ತಿದವರು. ಆದ್ದರಿಂದ ಅವರ ಅಸಮಾಧಾನವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಹೊಸ ಸಂಶೋಧಕರು ಬಿಟ್ಟುಹೋಗುತ್ತಿರುವುದು ನಿಜವಾಗಿದ್ದರೂ ಅದಕ್ಕೆ ಆಸಕ್ತಿಯ ಕೊರತೆಯೇ ಕಾರಣ ಎಂಬ ತೀರ್ಮಾನವನ್ನು ಪರೀಕ್ಷಿಸದೆ ಒಪ್ಪುವುದು ಸಂಶೋಧನೆಯ ಶಿಸ್ತಿಗೆ ಒಗ್ಗುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಈ ತೀರ್ಮಾನವನ್ನು ಪುರಾತತ್ತ್ವದ ಸ್ವಂತ ಚರಿತ್ರೆಯ ಎದುರಿಗಿಟ್ಟು ನೋಡಲು ಯತ್ನಿಸಲಾಗಿದೆ.

ಜಾನಪದ ವಿದ್ಯಾರ್ಥಿಯೊಬ್ಬನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜವಾದುದೇ. ಜಾನಪದ ಮತ್ತು ಪುರಾತತ್ತ್ವಗಳೆರಡೂ ಗ್ರಂಥಾಲಯದ ಹೊರಗೆ ತಮ್ಮ ಆಕರಗಳನ್ನು ಹುಡುಕುವ ಶಾಸ್ತ್ರಗಳು. ಒಂದೇ ಊರಿನ ಒಂದೇ ಕಟ್ಟೆಯ ಮೇಲೆ ಕುಳಿತ ಒಬ್ಬನೇ ಹಿರಿಯನನ್ನು ಇಬ್ಬರೂ ಮಾತನಾಡಿಸುತ್ತಾರೆ. ಒಬ್ಬರು ಕಥೆಯನ್ನು ಕೇಳುತ್ತಾರೆ, ಇನ್ನೊಬ್ಬರು ಆ ಕಥೆಯಲ್ಲಿ ಬರುವ ದಿಬ್ಬ ಎಲ್ಲಿದೆ ಎಂದು ಕೇಳುತ್ತಾರೆ. ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿಯೂ ಎರಡರ ಪಾಡು ಬೇರೆಯಲ್ಲ. ಜಾನಪದವು ಬಹುಕಾಲ ಕನ್ನಡ ವಿಭಾಗದ ಒಂದು ಪತ್ರಿಕೆಯಾಗಿ ಬದುಕಿದಂತೆ ಪುರಾತತ್ತ್ವವು ಹೆಚ್ಚಿನ ಕಡೆ ಇತಿಹಾಸ ವಿಭಾಗದ ಒಂದು ಪತ್ರಿಕೆಯಾಗಿ ಬದುಕಿದೆ. ಹೀಗಾಗಿ ಈ ಟಿಪ್ಪಣಿಗಳು ಹೊರಗಿನವರು ಮಾಡುವ ಟೀಕೆಗಳಲ್ಲ, ನೆರೆಮನೆಯವರ ಮಾತುಗಳು ಎಂದು ಭಾವಿಸಬೇಕು.

1. ಸಂಶೋಧನ ಪ್ರಬಂಧಗಳು ಕಟ್ಟಿದ ಶಾಸ್ತ್ರ

ಕರ್ನಾಟಕದ ಪ್ರಾಗೈತಿಹಾಸವನ್ನು ಕುರಿತು ಇಂದು ನಾವು ಪಠ್ಯಪುಸ್ತಕಗಳಲ್ಲಿ ಓದುವ ಸಂಗತಿಗಳು ಎಲ್ಲಿಂದ ಬಂದವು ಎಂದು ಕೇಳಿಕೊಂಡರೆ ಕುತೂಹಲದ ಉತ್ತರ ದೊರೆಯುತ್ತದೆ. ರಾಬರ್ಟ್ ಬ್ರೂಸ್ ಫೂಟ್ ಅವರಂತಹ ಭೂವಿಜ್ಞಾನಿಗಳು 19ನೆಯ ಶತಮಾನದಲ್ಲಿ ಹಾಕಿದ ತಳಹದಿಯ ಮೇಲೆ ಕಟ್ಟಡವನ್ನು ಎಬ್ಬಿಸಿದವರು ಬಹುಮಟ್ಟಿಗೆ ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡಿದ ತರುಣರು. ಬಿ. ಸುಬ್ಬರಾವ್ ಅವರು ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧನ ವಿದ್ಯಾರ್ಥಿಯಾಗಿ ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲಿ ನಡೆಸಿದ ಉತ್ಖನನದ ಫಲವು 1948ರಲ್ಲಿ ಆ ಸಂಸ್ಥೆಯ ಪ್ರಬಂಧಮಾಲೆಯಲ್ಲಿಯೇ ಪುಸ್ತಕವಾಗಿ ಹೊರಬಂದಿತು. ಎಫ್.ಆರ್. ಆಲ್ಚಿನ್ ಅವರ ಆರಂಭದ ಸಂಶೋಧನೆಯ ವಸ್ತು ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳೇ. ಪಿಕ್ಲಿಹಾಳದಲ್ಲಿ ಅವರು 1952ರಲ್ಲಿ ನಡೆಸಿದ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ಎಂ.ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆಯ ವರದಿಯನ್ನು ಸಹಲೇಖಕರೊಡನೆ 1965ರಲ್ಲಿಯೂ ಹಳ್ಳೂರಿನ ವರದಿಯನ್ನು 1971ರಲ್ಲಿಯೂ ಹೊರತಂದರು. ಮುಂದೆ ಅವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದರು. ಅ. ಸುಂದರ ಅವರು ಉತ್ತರ ಕರ್ನಾಟಕದ ಬೃಹತ್ ಶಿಲಾಗೋರಿಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥ, ಕೆ. ಪದ್ದಯ್ಯ ಅವರು ಸುರಪುರ ದೋಆಬಿನ ನವಶಿಲಾಯುಗವನ್ನು ಕುರಿತು 1973ರಲ್ಲಿ ಪ್ರಕಟಿಸಿದ ಗ್ರಂಥ, ಇವೆರಡೂ ಅವರ ವೃತ್ತಿಯ ಮೊದಲ ಘಟ್ಟದ ದುಡಿಮೆಯಿಂದ ಹುಟ್ಟಿದವುಗಳೇ. ಪದ್ದಯ್ಯನವರು ಅದೇ ಪ್ರದೇಶದ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಮುಂದಿನ ಹಲವು ದಶಕಗಳನ್ನು ಕಳೆದರು. ಇಸಾಂಪುರದ ಹಳೆಯ ಶಿಲಾಯುಗದ ನೆಲೆಯೂ ಬೂದಿಹಾಳದ ನವಶಿಲಾಯುಗದ ನೆಲೆಯೂ ವಿದ್ವತ್ ಲೋಕಕ್ಕೆ ತಿಳಿದುದು ಆ ದೀರ್ಘ ಒಡನಾಟದಿಂದ.

ಈ ಪಟ್ಟಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕರ್ನಾಟಕದ ಪುರಾತತ್ತ್ವದಲ್ಲಿ ಆರಂಭದ ಹಂತದ ಸಂಶೋಧಕನು ಹಿರಿಯರ ಕೆಲಸಕ್ಕೆ ಕೈಯಾಳಾಗಿ ನಿಂತವನಲ್ಲ. ಶಾಸ್ತ್ರದ ಚೌಕಟ್ಟನ್ನೇ ರೂಪಿಸಿದವನು ಅವನು. ಎರಡನೆಯದಾಗಿ, ಆ ತರುಣರ ಬೆನ್ನಿಗೆ ಮೂರು ಬಗೆಯ ಆಸರೆಯಿತ್ತು. ಉತ್ಖನನಕ್ಕೆ ಅವಕಾಶ ಮಾಡಿಕೊಡುವ ಸಂಸ್ಥೆಯಿತ್ತು, ಬರೆದುದನ್ನು ಬೇಗನೆ ಪ್ರಕಟಿಸುವ ಮಾಲೆಗಳಿದ್ದವು, ಪದವಿಯ ನಂತರ ಅದೇ ಕ್ಷೇತ್ರದಲ್ಲಿ ಮುಂದುವರಿಯಲು ಹುದ್ದೆಯಿತ್ತು. ಹಳ್ಳೂರಿನ ಮಾದರಿಗಳ ಇಂಗಾಲ ಕಾಲನಿರ್ಣಯವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪ್ರಯೋಗಾಲಯ ಮಾಡಿಕೊಟ್ಟಿತು. ಪ್ರಾಣಿಗಳ ಎಲುಬುಗಳನ್ನು ಪಶುವೈದ್ಯ ವಿಜ್ಞಾನದ ಹಿನ್ನೆಲೆಯ ಕೆ.ಆರ್. ಆಲೂರ ಅವರು ಗುರುತಿಸಿಕೊಟ್ಟರು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆಯ ಪ್ರಾಚೀನತೆಯನ್ನು ಕುರಿತ ಚರ್ಚೆ ಹಳ್ಳೂರಿನಿಂದ ಹೊಸ ತಿರುವು ಪಡೆದುದಕ್ಕೆ ಉತ್ಖನಕನ ಪ್ರತಿಭೆಯಷ್ಟೇ ಈ ಆಸರೆಗಳೂ ಕಾರಣ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಆ ಅವಕಾಶ ದೊರೆತುದು ಬೆರಳೆಣಿಕೆಯ ಜನರಿಗೆ. ಮೇಲಿನ ಪಟ್ಟಿಯಲ್ಲಿ ಒಬ್ಬ ಮಹಿಳೆಯ ಹೆಸರೂ ಇಲ್ಲ ಎಂಬುದನ್ನು ಗಮನಿಸಬೇಕು. ಮೊದಲ ತಲೆಮಾರಿನಲ್ಲಿ ಅಕ್ಷರ ಕಲಿತ ಮನೆಗಳಿಂದ, ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ, ಹೆಣ್ಣುಮಕ್ಕಳಿಂದ ವಿಶ್ವವಿದ್ಯಾಲಯದ ಪುರಾತತ್ತ್ವ ತರಗತಿಗಳು ತುಂಬತೊಡಗಿದುದು ಈಚಿನ ದಶಕಗಳಲ್ಲಿ. ವಿಪರ್ಯಾಸವೆಂದರೆ ಬಾಗಿಲು ಅಗಲವಾದ ಕಾಲದಲ್ಲಿಯೇ ಒಳಗಿನ ಆಸರೆಗಳು ಒಂದೊಂದಾಗಿ ಸಡಿಲವಾದವು. ಆಸಕ್ತಿಯ ಕೊರತೆಯ ವಾದವು ಈ ಸಂಗತಿಯನ್ನು ಮರೆಮಾಚುತ್ತದೆ.

2. ಪರವಾನಗಿ, ಋತುಮಾನ ಮತ್ತು ಕಾಲಮಿತಿ

ಭಾರತದಲ್ಲಿ ಯಾರೂ ತಮ್ಮಿಚ್ಛೆಯಂತೆ ಉತ್ಖನನ ನಡೆಸುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ತ್ವ ನೆಲೆಗಳು ಮತ್ತು ಅವಶೇಷಗಳ ಅಧಿನಿಯಮ ಹಾಗೂ 1959ರ ನಿಯಮಗಳು ಈ ಕೆಲಸವನ್ನು ನಿಯಂತ್ರಿಸುತ್ತವೆ. ನೆಲದ ಪದರವೊಂದನ್ನು ಒಮ್ಮೆ ಮಾತ್ರ ಅಗೆಯಲು ಸಾಧ್ಯ. ಅಗೆದ ಮೇಲೆ ದಾಖಲೆಯಲ್ಲದೆ ಮತ್ತೇನೂ ಉಳಿಯುವುದಿಲ್ಲ. ಆದ್ದರಿಂದ ಈ ನಿಯಂತ್ರಣ ಅಗತ್ಯವೇ. ಪ್ರಶ್ನೆಯಿರುವುದು ನಿಯಂತ್ರಣದ ರೀತಿಯಲ್ಲಿ. ಪರವಾನಗಿಯು ವಾಸ್ತವವಾಗಿ ವಿಶ್ವವಿದ್ಯಾಲಯ, ರಾಜ್ಯ ಇಲಾಖೆಗಳಂತಹ ಸಂಸ್ಥೆಗಳಿಗೆ ಅವುಗಳ ಹಿರಿಯ ವಿದ್ವಾಂಸರ ಹೆಸರಿನಲ್ಲಿ ದೊರೆಯುತ್ತದೆ. ಅದನ್ನು ಒಂದು ಕ್ಷೇತ್ರಋತುವಿನ ಮಟ್ಟಿಗೆ ನೀಡಲಾಗುತ್ತದೆ.

ಇದರ ಪರಿಣಾಮವನ್ನು ಒಂದು ಸಾಮಾನ್ಯ ಲೆಕ್ಕಾಚಾರದಿಂದ ಕಾಣಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಪಿಎಚ್.ಡಿ. ಅಧ್ಯಯನಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ದೊರೆಯಬಹುದು. ಮೊದಲ ವರ್ಷ ವ್ಯಾಸಂಗಕ್ರಮ ಮತ್ತು ವಿಷಯಮಂಡನೆಯಲ್ಲಿ ಕಳೆಯುತ್ತದೆ. ಬಯಲುಸೀಮೆಯಲ್ಲಿ ಅಗೆತಕ್ಕೆ ಅನುಕೂಲವಾದ ಕಾಲ ಸುಗ್ಗಿ ಮುಗಿದು ಹೊಲ ಬರಿದಾದಂದಿನಿಂದ ಬೇಸಿಗೆ ಬಿರುಸಾಗುವವರೆಗಿನ ಮೂರು ನಾಲ್ಕು ತಿಂಗಳು ಮಾತ್ರ. ಪರವಾನಗಿ ಮತ್ತು ಹಣ ಫೆಬ್ರುವರಿಯಲ್ಲಿ ಕೈಸೇರಿದರೆ ಆ ವರ್ಷದ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮಾರ್ಚಿಯ ಕೊನೆಗೆ ಹಣ ಮರಳಿಸಬೇಕಾದರೆ ಆ ಅರ್ಧವೂ ಉಳಿಯುವುದಿಲ್ಲ. ಎರಡು ಋತುಗಳು ಹೀಗೆ ಕೈತಪ್ಪಿದ ವಿದ್ಯಾರ್ಥಿಯು ಉತ್ಖನನದ ಆಸೆಯನ್ನು ಬಿಟ್ಟು, ಪ್ರಕಟವಾದ ವರದಿಗಳನ್ನು ಸಂಗ್ರಹಿಸಿ ಒಂದು ಜಿಲ್ಲೆಯ 'ಸಾಂಸ್ಕೃತಿಕ ಅಧ್ಯಯನ'ವನ್ನು ಬರೆದು ಮುಗಿಸುತ್ತಾನೆ. ಆಮೇಲೆ ನಾವು ಅವನ ಪ್ರಬಂಧವನ್ನು ಕೈಗೆತ್ತಿಕೊಂಡು ಇದರಲ್ಲಿ ಹೊಸ ಆಕರವಿಲ್ಲ ಎಂದು ಷರಾ ಬರೆಯುತ್ತೇವೆ.

ಕಾಲನಿರ್ಣಯದ ವಿಷಯವೂ ಹೀಗೆಯೇ. ಇಂದು ಕಾಲಮಾನವಿಲ್ಲದ ಶೋಧವನ್ನು ಅಂತರರಾಷ್ಟ್ರೀಯ ನಿಯತಕಾಲಿಕಗಳು ಗಂಭೀರವಾಗಿ ಪರಿಗಣಿಸುವುದಿಲ್ಲ. ವಿದೇಶದ ಖಾಸಗಿ ಪ್ರಯೋಗಾಲಯಗಳಲ್ಲಿ ಒಂದು ಮಾದರಿಯ ಪರೀಕ್ಷೆಗೆ ನೂರಾರು ಡಾಲರ್ ತೆರಬೇಕು. ದೆಹಲಿ, ಲಖನೌ, ಅಹಮದಾಬಾದುಗಳಲ್ಲಿ ಸರ್ಕಾರಿ ಸಂಸ್ಥೆಗಳ ಸೌಲಭ್ಯಗಳಿವೆ. ಅವುಗಳ ಸಂಪರ್ಕ ಸಾಧಿಸಲು ದೊಡ್ಡ ಯೋಜನೆಯೊಂದರ ಹಿನ್ನೆಲೆ ಬೇಕಾಗುತ್ತದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನ ಪಡೆದವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅದನ್ನು ಪಡೆಯದ ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಣ್ಣ ನೆರವಿನಲ್ಲಿಯೋ ಮನೆಯವರ ದುಡಿಮೆಯಲ್ಲಿಯೋ ದಿನ ಕಳೆಯಬೇಕು. ಅವನು ಎಷ್ಟು ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಬಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಹಿಳಾ ಸಂಶೋಧಕರ ತೊಡಕು ಇದಕ್ಕಿಂತ ಒಂದು ಪಟ್ಟು ಹೆಚ್ಚು. 2022ರ ನಿಯಮಗಳು ಅವರಿಗೆ 2 ವರ್ಷಗಳ ಹೆಚ್ಚಿನ ಅವಧಿಯನ್ನೂ 240 ದಿನಗಳವರೆಗಿನ ಹೆರಿಗೆ ರಜೆಯನ್ನೂ ಕೊಟ್ಟಿವೆ. ಆದರೆ ಉತ್ಖನನ ಶಿಬಿರದಲ್ಲಿ ಶೌಚಾಲಯ, ಪ್ರತ್ಯೇಕ ವಸತಿ, ದೂರು ಹೇಳಿಕೊಳ್ಳುವ ವ್ಯವಸ್ಥೆ ಇರಬೇಕೆಂಬುದನ್ನು ಪರವಾನಗಿಯ ಷರತ್ತಾಗಿ ಯಾರೂ ಕೇಳುವುದಿಲ್ಲ. ಶಿಬಿರಕ್ಕೆ ಮನೆಯವರು ಕಳುಹಿಸಲೊಲ್ಲರು ಎಂಬ ಕಾರಣ ಹೇಳಿ ಹೆಣ್ಣುಮಕ್ಕಳನ್ನು ನಾಣ್ಯಶಾಸ್ತ್ರಕ್ಕೋ ಪ್ರತಿಮಾಶಾಸ್ತ್ರಕ್ಕೋ ಕಳುಹಿಸುವ ವಾಡಿಕೆ ಹೀಗೆ ಬೆಳೆದಿದೆ. ಇದನ್ನು ಅವರ ಆಯ್ಕೆಯೆಂದು ಕರೆಯುವುದು ನ್ಯಾಯವಲ್ಲ.

3. ವರದಿ ಮತ್ತು ಕರ್ತೃತ್ವದ ಪ್ರಶ್ನೆ

ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ 1947ರಲ್ಲಿ ಉತ್ಖನನ ನಡೆಸಿದರು. ಅದರ ವಿವರವಾದ ವರದಿಯು 'ಏನ್ಶಿಯೆಂಟ್ ಇಂಡಿಯಾ' ಪತ್ರಿಕೆಯ 4ನೆಯ ಸಂಚಿಕೆಯಲ್ಲಿ ಬೆಳಕು ಕಂಡಿತು. ಅವರಿಗಿಂತ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಅವರು ಆ ಎರಡೂ ನೆಲೆಗಳಲ್ಲಿ ಅಗೆತ ನಡೆಸಿದ್ದರೂ ದಕ್ಷಿಣ ಭಾರತದ ಪುರಾತತ್ತ್ವದ ಕಾಲಾನುಕ್ರಮಕ್ಕೆ ವೀಲರ್ ಅವರ ಹೆಸರೇ ಅಂಟಿಕೊಂಡಿತು. ಅಗೆದವರಿಗಿಂತ ಬೇಗನೆ ಬರೆದವರು ಶಾಸ್ತ್ರದ ಸ್ಮೃತಿಯಲ್ಲಿ ಉಳಿಯುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ.

ಇದರ ಪಕ್ಕದಲ್ಲಿ ಈಚಿನ ಉದಾಹರಣೆಯೊಂದನ್ನು ಇಟ್ಟು ನೋಡಬಹುದು. ಸನ್ನತಿ ಸಮೀಪದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಉತ್ಖನನ 1990ರ ದಶಕದ ಮಧ್ಯಭಾಗದಲ್ಲಿ ಆರಂಭವಾಯಿತು. ಅಶೋಕನ ಹೆಸರನ್ನು ಹೊತ್ತ ಬರಹದೊಡನೆ ಅವನ ಶಿಲ್ಪ ದೊರೆತ ಆ ನೆಲೆಯ ಮಹತ್ತ್ವವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಅದರ ಪೂರ್ಣ ವರದಿ ಓದುಗರಿಗೆ ದೊರೆತುದು 2010ರ ನಂತರ. ವರದಿ ಬಂದುದು ಸಂತೋಷದ ಸಂಗತಿಯೇ, ಅನೇಕ ನೆಲೆಗಳಿಗೆ ಆ ಭಾಗ್ಯವೂ ಇಲ್ಲ. 1953-54ರ ಸಾಲಿನಿಂದ ಪ್ರಕಟವಾಗುತ್ತ ಬಂದ 'ಇಂಡಿಯನ್ ಆರ್ಕಿಯಾಲಜಿ: ಎ ರಿವ್ಯೂ' ವಾರ್ಷಿಕ ಸಂಚಿಕೆಗಳೂ ಹಲವು ವರ್ಷ ಹಿಂದುಳಿದು ಹೊರಬರುವುದನ್ನು ಗ್ರಂಥಾಲಯಗಳು ಬಲ್ಲವು. ಭಾರತದ ಮಹಾಲೇಖಪಾಲರ 2013ರ ವರದಿಯು ಸರ್ವೇಕ್ಷಣ ಇಲಾಖೆಯು ಅನ್ವೇಷಣೆ ಮತ್ತು ಉತ್ಖನನಕ್ಕೆ ಮಾಡುವ ವೆಚ್ಚ ತನ್ನ ಒಟ್ಟು ವೆಚ್ಚದ ಶೇಕಡಾ 1ಕ್ಕಿಂತ ಕಡಿಮೆ ಎಂಬುದನ್ನು ಎತ್ತಿತೋರಿಸಿತು. ಬರೆಯದೆ ಉಳಿದ ವರದಿಗಳ ಪ್ರಸ್ತಾಪವೂ ಅದರಲ್ಲಿದೆ.

ವರದಿಯ ವಿಳಂಬವನ್ನು ಸಾಮಾನ್ಯವಾಗಿ ಆಡಳಿತದ ದೋಷವೆಂದು ಎಣಿಸಲಾಗುತ್ತದೆ. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಅಷ್ಟಾಗಿ ಚರ್ಚಿಸಿಲ್ಲ. ಹಿರಿಯ ಅಧಿಕಾರಿಯ ವೇತನಕ್ಕೂ ಬಡ್ತಿಗೂ ವರದಿಯಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ಕಂದಕದ ಒಂದೊಂದು ಚೌಕದಲ್ಲಿ ಕುಳಿತು ಪದರಗಳನ್ನು ಗುರುತಿಸಿದ, ಮಡಕೆಚೂರುಗಳನ್ನು ತೊಳೆದು ಅಂಕಿ ಬರೆದ, ನಕ್ಷೆ ತೆಗೆದ ವಿದ್ಯಾರ್ಥಿಗೆ ಆ ವರದಿಯೇ ಅರ್ಹತೆಯ ಸಾಕ್ಷಿ. ವರದಿ 15 ವರ್ಷ ತಡವಾದರೆ ಅವನ ವೃತ್ತಿಯ ಆರಂಭದ ಪೂರ್ಣ ಅವಧಿ ಸಾಕ್ಷಿಯಿಲ್ಲದೆ ಕಳೆದುಹೋಗುತ್ತದೆ. ಪ್ರಕಟವಾಗದ ಸಾಮಗ್ರಿಯನ್ನು ತನ್ನ ಪ್ರಬಂಧದಲ್ಲಿ ಬಳಸಲು ಅವನಿಗೆ ಅನುಮತಿಯೂ ಸುಲಭವಾಗಿ ದೊರೆಯದು. ಕೊನೆಗೆ ವರದಿ ಬಂದಾಗ ಅವನ ಹೆಸರು ಕೃತಜ್ಞತೆಯ ಪುಟದಲ್ಲಿ, 'ತಾಂತ್ರಿಕ ಸಹಾಯಕರು' ಎಂಬ ಸಾಲಿನಲ್ಲಿ ಬಂದರೆ ಬರಬಹುದು.

ಉತ್ಖನಕನನ್ನೂ ವರದಿಯನ್ನೂ ಬೇರ್ಪಡಿಸುವ ಮತ್ತೊಂದು ಕ್ರಮ ವರ್ಗಾವಣೆ. ತಮಿಳುನಾಡಿನ ಕೀಳಡಿಯಲ್ಲಿ 2014ರಿಂದ ಮೊದಲ ಋತುಗಳ ಉತ್ಖನನ ನಡೆಸಿದುದು ಸರ್ವೇಕ್ಷಣ ಇಲಾಖೆಯ ಬೆಂಗಳೂರಿನ ಉತ್ಖನನ ಶಾಖೆಯೇ. ಅದರ ನೇತೃತ್ವ ವಹಿಸಿದ್ದ ಅಧಿಕಾರಿ 2017ರಲ್ಲಿ ಅಸ್ಸಾಮಿಗೆ ವರ್ಗವಾದುದು, 2023ರಲ್ಲಿ ಸಲ್ಲಿಸಿದ ವರದಿಯ ಪರಿಷ್ಕರಣೆ ಕೋರಿ 2025ರಲ್ಲಿ ಇಲಾಖೆ ಪತ್ರ ಬರೆದುದು, ಆ ಕುರಿತ ವಾದವಿವಾದಗಳು, ಇವೆಲ್ಲ ಪತ್ರಿಕೆಗಳಲ್ಲಿ ಬಂದಿವೆ. ಆ ವಿವಾದದ ಸರಿತಪ್ಪುಗಳಿಗೆ ಇಲ್ಲಿ ಕೈಹಾಕುವುದಿಲ್ಲ. ಹಿರಿಯ ಅಧಿಕಾರಿಯೊಬ್ಬರಿಗೇ ತಾವು ಅಗೆದ ನೆಲೆಯ ಬರವಣಿಗೆ ಇಷ್ಟು ಕಷ್ಟದ್ದಾದರೆ ಅವರ ಕೈಕೆಳಗೆ ದುಡಿದ ಕಿರಿಯರ ಪಾಲು ಏನಾಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಜಾನಪದ ಕ್ಷೇತ್ರಕ್ಕೂ ಇಂಥದೇ ಒಂದು ಕಲಿಕೆಯ ಚರಿತ್ರೆಯಿದೆ. ಆರಂಭದ ಸಂಗ್ರಹಗಳಲ್ಲಿ ಹಾಡು ಹೇಳಿಕೊಟ್ಟವರ ಹೆಸರೇ ಇರುತ್ತಿರಲಿಲ್ಲ, ಸಂಗ್ರಾಹಕನ ಹೆಸರು ಮುಖಪುಟದ ಮೇಲೆ ಬರುತ್ತಿತ್ತು. ವಕ್ತೃವಿನ ಹೆಸರು, ವಯಸ್ಸು, ಊರು, ಹಾಡಿದ ಸಂದರ್ಭಗಳನ್ನು ದಾಖಲಿಸದ ಸಂಗ್ರಹ ಶಾಸ್ತ್ರೀಯವಲ್ಲ ಎಂಬ ನಿಲುವು ಕ್ರಮೇಣ ನೆಲೆಗೊಂಡಿತು. ಇದರಿಂದ ಸಂಗ್ರಾಹಕನ ಗೌರವವೇನೂ ಕುಂದಲಿಲ್ಲ, ಸಂಗ್ರಹದ ವಿಶ್ವಾಸಾರ್ಹತೆ ಹೆಚ್ಚಿತು. ಯಾವ ಚೌಕವನ್ನು ಯಾರು ಅಗೆದರು, ಯಾವ ಪದರವನ್ನು ಯಾರು ಗುರುತಿಸಿದರು ಎಂಬುದನ್ನು ಹೇಳುವ ಪುರಾತತ್ತ್ವ ವರದಿಗೂ ಅಂಥದೇ ವಿಶ್ವಾಸಾರ್ಹತೆ ದೊರೆಯುತ್ತದೆ.

4. ಹುದ್ದೆಯ ಹೆಸರು ಮತ್ತು ಶಾಸ್ತ್ರದ ಹೆಸರು

ಪದವಿ ಪಡೆದ ನಂತರದ ದಾರಿ ಇನ್ನಷ್ಟು ಇಕ್ಕಟ್ಟಿನದು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಇತಿಹಾಸಕ್ಕೆ 06, ಪುರಾತತ್ತ್ವಕ್ಕೆ 67 ಎಂಬ ಬೇರೆ ಬೇರೆ ಸಂಕೇತಸಂಖ್ಯೆಗಳಿವೆ. ಪರೀಕ್ಷೆಯ ಮಟ್ಟಿಗೆ ಪುರಾತತ್ತ್ವ ಸ್ವತಂತ್ರ ಶಾಸ್ತ್ರ. ಪ್ರಥಮ ದರ್ಜೆ ಕಾಲೇಜುಗಳ ನೇಮಕಾತಿ ಅಧಿಸೂಚನೆಯಲ್ಲಿ ಮಾತ್ರ ಹುದ್ದೆ 'ಇತಿಹಾಸ' ಎಂದಿರುತ್ತದೆ. ಪುರಾತತ್ತ್ವದಲ್ಲಿ ಪಳಗಿದ ಅಭ್ಯರ್ಥಿಯು ಆಧುನಿಕ ಯುರೋಪಿನ ಇತಿಹಾಸವನ್ನು ಓದಿ ಬಂದವರೊಡನೆ ಸ್ಪರ್ಧಿಸಬೇಕು, ತನ್ನ ವಿಷಯ ಸಂಬಂಧಿತ ವಿಷಯವೇ ಎಂಬುದನ್ನು ಪರಿಶೀಲನೆಯ ಮೇಜಿನ ಮುಂದೆ ಸಾಧಿಸಬೇಕು. 71ನೆಯ ಸಂಕೇತದ ಜಾನಪದ ಸಾಹಿತ್ಯದಲ್ಲಿ ತೇರ್ಗಡೆಯಾಗಿ ಕನ್ನಡ ಹುದ್ದೆಗಳ ಮುಂದೆ ನಿಂತವರಿಗೆ ಈ ಅನುಭವ ಅಪರಿಚಿತವಲ್ಲ. ನೇಮಕಾತಿಗೆ ಪಿಎಚ್.ಡಿ. ಕಡ್ಡಾಯವೆಂಬ 2018ರ ನಿಯಮ ಜಾರಿಯಾಗುವ ಮೊದಲೇ ಮುಂದೂಡಲ್ಪಟ್ಟು 2023ರ ಜುಲೈಯಲ್ಲಿ ಐಚ್ಛಿಕವಾಯಿತು. ಆ ನಿಯಮವನ್ನು ನಂಬಿ ಆರು ವರ್ಷ ಕ್ಷೇತ್ರದಲ್ಲಿ ಕಳೆದವರು ಪರೀಕ್ಷೆಯ ಪುಸ್ತಕ ಹಿಡಿದು ಕುಳಿತವರಿಗಿಂತ ಹಿಂದೆ ಬೀಳುವ ಸ್ಥಿತಿ ಒದಗಿತು.

ಉಳಿಯುವುದು ಅತಿಥಿ ಉಪನ್ಯಾಸಕರ ಕೆಲಸ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯವರೆಗೆ ಇವರ ಮಾಸಿಕ ಗೌರವಧನ 11,000ದಿಂದ 13,000 ರೂಪಾಯಿಗಳಷ್ಟಿತ್ತು. ದೀರ್ಘ ಮುಷ್ಕರದ ನಂತರ ಅದು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000ದವರೆಗೆ ಏರಿತು, 2024ರಲ್ಲಿ ಮತ್ತೆ ಪರಿಷ್ಕೃತವಾಯಿತು. ಹಣದ ಏರಿಕೆ ಸ್ವಾಗತಾರ್ಹ. ಆದರೆ ಸೇವೆ ಆಯಾ ಶೈಕ್ಷಣಿಕ ವರ್ಷಕ್ಕೆ ಸೀಮಿತ. ಡಿಸೆಂಬರಿನಿಂದ ಏಪ್ರಿಲ್ ವರೆಗೆ, ಅಂದರೆ ಅಗೆತದ ಕಾಲದಲ್ಲಿಯೇ, ತರಗತಿಗಳಿರುತ್ತವೆ. ಸಂಶೋಧನ ರಜೆ ಎಂಬುದಿಲ್ಲ. ಯೋಜನೆಗೆ ಅರ್ಜಿ ಹಾಕಲು ಖಾಯಂ ಸಂಸ್ಥೆಯ ವಿಳಾಸವಿಲ್ಲ. ಹೀಗೆ ಬೋಧನೆಯಲ್ಲಿ ಉಳಿದವನು ಕ್ಷೇತ್ರವನ್ನು ಕಳೆದುಕೊಳ್ಳುತ್ತಾನೆ, ಕ್ಷೇತ್ರದಲ್ಲಿ ಉಳಿದವನು ಅನ್ನವನ್ನು ಕಳೆದುಕೊಳ್ಳುತ್ತಾನೆ.

ಸರ್ವೇಕ್ಷಣ ಇಲಾಖೆಯ ಹುದ್ದೆಗಳಿಗೆ ಹೋಗುವ ದಾರಿಯಲ್ಲಿಯೂ ಕನ್ನಡದ ವಿದ್ಯಾರ್ಥಿಗೆ ತಡೆಗಳಿವೆ. ಗ್ರೇಟರ್ ನೋಯ್ಡಾದ ಪುರಾತತ್ತ್ವ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಪ್ರವೇಶಕ್ಕಾಗಿ 2020ರಲ್ಲಿ ಹೊರಟ ಪ್ರಕಟಣೆಯು ಅಭಿಜಾತ ಭಾಷೆಗಳ ಸಾಲಿನಲ್ಲಿ ಸಂಸ್ಕೃತ, ಪಾಳಿ, ಪ್ರಾಕೃತ, ಅರಬ್ಬಿ, ಪಾರಸಿಗಳನ್ನು ಹೆಸರಿಸಿ ದ್ರಾವಿಡ ಭಾಷೆಗಳನ್ನು ಬಿಟ್ಟಿತ್ತು. ತಮಿಳುನಾಡಿನಿಂದ ತೀವ್ರ ಆಕ್ಷೇಪ ಬಂದ ಮೇಲೆ ತಮಿಳು, ಕನ್ನಡ, ತೆಲುಗು ಮೊದಲಾದವು ಸೇರಿದವು. ಕನ್ನಡಕ್ಕೆ ಅಭಿಜಾತ ಸ್ಥಾನ ದೊರೆತುದು 2008ರಲ್ಲಿ. ಶಾಸನಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿರುವ ಭಾಷೆಯೊಂದು ಹನ್ನೆರಡು ವರ್ಷಗಳ ನಂತರವೂ ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಗಮನಾರ್ಹ.

5. ಊರಿನ ಭಾಷೆ, ಊರಿನ ಅರಿವು

ಈ ತರುಣರು ಬಿಟ್ಟುಹೋದರೆ ಶಾಸ್ತ್ರ ಕಳೆದುಕೊಳ್ಳುವುದೇನು? ಜಾನಪದದ ನೆಲೆಯಿಂದ ಈ ಪ್ರಶ್ನೆಗೆ ಉತ್ತರ ಹೇಳಬಹುದು. ಬಳ್ಳಾರಿ ಸಮೀಪದ ಕುಡತಿನಿಯ ಬೂದಿದಿಬ್ಬವನ್ನು ಜನ ಭೀಮನಿಂದ ಹತನಾದ ಹಿಡಿಂಬಾಸುರನ ಚಿತೆಯ ಬೂದಿ ಎನ್ನುತ್ತಾರೆ. ಹಂಪಿ ಸಮೀಪದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಸ್ಥಳವೆಂಬ ನಂಬಿಕೆಯಿದೆ. ಇವು ನವಶಿಲಾಯುಗದ ಪಶುಪಾಲಕರು ದೊಡ್ಡಿಗಳಲ್ಲಿ ಕೂಡಿಟ್ಟ ಸಗಣಿಯನ್ನು ಸುಟ್ಟುದರಿಂದ ಆದ ದಿಬ್ಬಗಳೆಂಬುದು ಆಲ್ಚಿನ್ ಅವರ 1963ರ ಗ್ರಂಥದಿಂದ ದೃಢಪಟ್ಟಿತು. ಐತಿಹ್ಯವು ವಿಜ್ಞಾನದ ಉತ್ತರವನ್ನು ಕೊಡಲಿಲ್ಲ ನಿಜ. ಆದರೆ ಇದು ಸಹಜವಾದ ಮಣ್ಣಲ್ಲ, ಬೆಂಕಿಯಲ್ಲಿ ಬೆಂದುದು, ಬಹಳ ಹಿಂದಿನದು ಎಂಬ ಮೂರು ಸಂಗತಿಗಳನ್ನು ಅದು ಶತಮಾನಗಳ ಕಾಲ ಹಿಡಿದಿಟ್ಟಿತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಶಿಲಾಗೋರಿಗಳ ನೆಲೆ ಜನರ ಬಾಯಲ್ಲಿ ಮೋರ್ಯರ ಗುಡ್ಡ. ಅಲ್ಲಿನ ಬಂಡೆಯ ಮೇಲಿರುವ ಕಲ್ಲಿನ ನಗಾರಿಯನ್ನೂ ಕಪ್ಪಗಲ್ಲಿನ ಗುಡ್ಡದ ನಾದ ಹೊಮ್ಮಿಸುವ ಬಂಡೆಗಳನ್ನೂ ಸುತ್ತಣ ಊರಿನವರ ಅರಿವಿನಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳುವುದು ಕಷ್ಟ.

ಸಸ್ಯಾವಶೇಷಗಳ ಅಧ್ಯಯನ ಇನ್ನೊಂದು ನಿದರ್ಶನ. ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಕರಿಕಾದ ಕಾಳುಗಳನ್ನು ಬೇರ್ಪಡಿಸಿದಾಗ ಹುರುಳಿ, ಹೆಸರು, ಕೊರಲೆಗಳು ಆ ಜನರ ಮುಖ್ಯ ಬೆಳೆಗಳಾಗಿದ್ದುದು ತಿಳಿದುಬಂದಿತು. ಕೊರಲೆಯನ್ನು ಬಿತ್ತುವುದು ಹೇಗೆ, ಅದರ ಸಿಪ್ಪೆ ಬಿಡಿಸುವುದು ಎಷ್ಟು ಪ್ರಯಾಸ, ಬರಗಾಲದಲ್ಲಿ ಅದು ಹೇಗೆ ಕೈಹಿಡಿಯುತ್ತದೆ ಎಂಬುದನ್ನು ಬಲ್ಲ ಮನೆಗಳು ತುಮಕೂರು, ಚಿತ್ರದುರ್ಗಗಳ ಕಡೆ ಇವೆ. ಆ ಮನೆಯ ಮಗಳು ಪುರಾತತ್ತ್ವದ ಪ್ರಯೋಗಾಲಯಕ್ಕೆ ಬಂದರೆ ಸೂಕ್ಷ್ಮದರ್ಶಕದ ಕೆಳಗಿನ ಕಾಳಿಗೂ ಅಜ್ಜಿಯ ಒರಳಿಗೂ ನಡುವಿನ ಸಂಬಂಧವನ್ನು ಕಾಣುವ ಕಣ್ಣು ಶಾಸ್ತ್ರಕ್ಕೆ ದೊರೆಯುತ್ತದೆ.

ಆದರೆ ಅವಳು ಕನ್ನಡದಲ್ಲಿ ಬರೆದರೆ ಅದಕ್ಕೆ ಬೆಲೆಯೆಷ್ಟು? ಕರ್ನಾಟಕ ಇತಿಹಾಸ ಅಕಾಡೆಮಿಯ 'ಇತಿಹಾಸ ದರ್ಶನ' ಸಂಪುಟಗಳಲ್ಲಿ ಹೊಸ ಶಾಸನಗಳು, ವೀರಗಲ್ಲುಗಳು, ನೆಲೆಗಳ ವರದಿಗಳು ವರ್ಷವರ್ಷವೂ ಬರುತ್ತಿವೆ. ಕರ್ನಾಟಕದ ಯಾವುದೇ ತಾಲ್ಲೂಕನ್ನು ಕುರಿತು ಗಂಭೀರವಾಗಿ ಕೆಲಸ ಮಾಡುವವರು ಅವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅನುದಾನ ಆಯೋಗವು 2018ರಲ್ಲಿ ಆರಂಭಿಸಿದ 'ಕೇರ್' ಪಟ್ಟಿಯ ಕಾಲದಲ್ಲಿ ಪ್ರಾದೇಶಿಕ ಭಾಷೆಗಳ ಇಂತಹ ಬರವಣಿಗೆ ಬಹುಮಟ್ಟಿಗೆ ಅಂಕಗಳ ಲೆಕ್ಕದ ಹೊರಗೆ ಉಳಿಯಿತು. ಆಯೋಗವು 2025ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟು ನಿಯತಕಾಲಿಕಗಳ ಗುಣಮಟ್ಟವನ್ನು ಅಳೆಯುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿದೆ. ಕನ್ನಡದ ವಿದ್ವತ್ ಪತ್ರಿಕೆಗಳಿಗೆ ನ್ಯಾಯ ಒದಗಿಸಲು ಇದೊಂದು ಅವಕಾಶ. ಅದನ್ನು ಬಳಸಿಕೊಳ್ಳುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳದೇ ಹೊರತು ದೆಹಲಿಯದಲ್ಲ.

6. ಎದುರುವಾದಗಳ ಪರಿಶೀಲನೆ

ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬಹುದು. ಭೂಮಿಯಲ್ಲಿರುವುದು ಭೂಮಿಯಲ್ಲಿಯೇ ಇರಲಿ, ಮುಂದಿನ ಪೀಳಿಗೆ ಉತ್ತಮ ವಿಧಾನಗಳಿಂದ ಅಗೆಯಲಿ, ಹೊಸಬರಿಗೆಲ್ಲ ಉತ್ಖನನ ಏಕೆ ಎಂಬುದು ಮೊದಲನೆಯದು. ಈ ವಾದದಲ್ಲಿ ತಿರುಳಿದೆ. ಆದರೆ ಭೂಮಿಯಲ್ಲಿರುವುದು ಅಲ್ಲಿಯೇ ಉಳಿಯುತ್ತಿಲ್ಲ ಎಂಬುದೇ ತೊಂದರೆ. ಬೂದಿದಿಬ್ಬಗಳ ಮಣ್ಣನ್ನು ಗೊಬ್ಬರಕ್ಕಾಗಿ ಗಾಡಿಗಳಲ್ಲಿ ಸಾಗಿಸಿದ್ದಾರೆ. ಸಂಗನಕಲ್ಲು ಕಪ್ಪಗಲ್ಲುಗಳ ಗುಡ್ಡಗಳು ಕಲ್ಲು ಗಣಿಗಾರಿಕೆಯಿಂದ ಆಘಾತಕ್ಕೊಳಗಾದವು. 2010ರ ತಿದ್ದುಪಡಿಯು ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವನ್ನೂ ಗೊತ್ತುಪಡಿಸಿದೆ. ಪಟ್ಟಿಯಲ್ಲಿಯೇ ಇಲ್ಲದ ನೆಲೆಗೆ ಇದರಿಂದ ರಕ್ಷಣೆ ಸಿಗದು. ಪಟ್ಟಿಗೆ ಸೇರಬೇಕಾದರೆ ಯಾರಾದರೂ ನಡೆದು ನೋಡಿ ದಾಖಲಿಸಬೇಕು. ಅಗೆತ ಕಡಿಮೆಯಾಗಲಿ ಎನ್ನುವವರು ಸರ್ವೇಕ್ಷಣೆ ಹೆಚ್ಚಾಗಲಿ ಎಂದೂ ಹೇಳಬೇಕು, ಸರ್ವೇಕ್ಷಣೆ ನಡೆಸಲು ತರುಣರೇ ಬೇಕು.

ದೇಶದಲ್ಲಿ ಇಷ್ಟು ಪುರಾತತ್ತ್ವಜ್ಞರಿಗೆ ಕೆಲಸವೆಲ್ಲಿದೆ ಎಂಬುದು ಎರಡನೆಯ ಆಕ್ಷೇಪ. ಕೆಲಸವಿದೆ, ಹುದ್ದೆಯಿಲ್ಲ ಎಂಬುದೇ ಇದಕ್ಕೆ ಉತ್ತರ. ಇಂಗ್ಲೆಂಡಿನಲ್ಲಿ 1990ರ ಯೋಜನಾ ಮಾರ್ಗಸೂಚಿಯ ನಂತರ ಕಟ್ಟಡ ಕಟ್ಟುವವರೇ ಮುಂಚಿತವಾಗಿ ಪುರಾತತ್ತ್ವ ಪರಿಶೀಲನೆಯ ವೆಚ್ಚ ಭರಿಸುವ ಪದ್ಧತಿ ನೆಲೆಗೊಂಡು ತರಬೇತಿ ಪಡೆದವರಿಗೆ ಉದ್ಯೋಗದ ದೊಡ್ಡ ಕ್ಷೇತ್ರವೇ ತೆರೆಯಿತು. ಅಲ್ಲಿಯೂ ಕಡಿಮೆ ವೇತನ, ಅಲ್ಪಾವಧಿ ಕರಾರುಗಳ ದೂರುಗಳಿವೆ. ಆದ್ದರಿಂದ ಅದನ್ನು ಹಾಗೆಯೇ ಎರವಲು ತರಬೇಕೆಂದಲ್ಲ. ಹೆದ್ದಾರಿ, ನಾಲೆ, ಗಾಳಿಯಂತ್ರ, ಸೌರವಿದ್ಯುತ್ ಯೋಜನೆಗಳು ಬಯಲುಸೀಮೆಯ ಗುಡ್ಡಗಳನ್ನು ಆವರಿಸುತ್ತಿರುವಾಗ ಪ್ರತಿ ಯೋಜನೆಯ ಮುನ್ನ ಒಂದು ಪುರಾತತ್ತ್ವ ಸರ್ವೇಕ್ಷಣೆ ಕಡ್ಡಾಯವಾದರೆ ನೆಲೆಗಳಿಗೂ ತರುಣರಿಗೂ ಒಟ್ಟಿಗೇ ಆಸರೆ ದೊರೆಯುತ್ತದೆ.

7. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಹಣಕ್ಕಿಂತ ಹೊಸ ನಿರ್ಧಾರ ಬೇಕು. ಕಾಲೇಜುಗಳ ಇತಿಹಾಸ ಹುದ್ದೆಗಳ ಅಧಿಸೂಚನೆಯಲ್ಲಿ ಪುರಾತತ್ತ್ವವನ್ನು ಸಮಾನ ಅರ್ಹತೆಯಾಗಿ ಸ್ಪಷ್ಟವಾಗಿ ನಮೂದಿಸಬೇಕು. ಉತ್ಖನನದ ಹಣ ಮತ್ತು ಪರವಾನಗಿಗಳು ನವೆಂಬರಿನೊಳಗೆ ದೊರೆಯುವಂತೆ ರಾಜ್ಯದ ಮಟ್ಟದಲ್ಲಾದರೂ ಏರ್ಪಾಡಾಗಬೇಕು. ಪ್ರತಿ ವರದಿಯಲ್ಲಿ ಕಂದಕವಾರು ಹೊಣೆ ಹೊತ್ತವರ ಹೆಸರುಗಳನ್ನು ದಾಖಲಿಸಬೇಕು, ಮೂರು ವರ್ಷಗಳಲ್ಲಿ ವರದಿ ಬಾರದಿದ್ದರೆ ಆ ಸಾಮಗ್ರಿಯನ್ನು ಅಲ್ಲಿ ದುಡಿದ ಸಂಶೋಧನ ವಿದ್ಯಾರ್ಥಿಗಳು ಬಳಸಲು ಮುಕ್ತಗೊಳಿಸಬೇಕು. ಶಿಬಿರದ ಕನಿಷ್ಠ ಸೌಕರ್ಯಗಳು ಪರವಾನಗಿಯ ಷರತ್ತಾಗಬೇಕು. ಒಮ್ಮೆ ಡೆಕ್ಕನ್ ಕಾಲೇಜು ಮಾಡಿದಂತೆ ಉತ್ತಮ ಪ್ರಬಂಧಗಳನ್ನು ಪದವಿಯ ಬೆನ್ನಿಗೇ ಪ್ರಕಟಿಸುವ ಮಾಲೆಯೊಂದನ್ನು ನಮ್ಮ ಅಕಾಡೆಮಿಗಳು, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಕೈಗೆತ್ತಿಕೊಳ್ಳಬಹುದು. ಜಾನಪದ ಮತ್ತು ಪುರಾತತ್ತ್ವ ವಿಭಾಗಗಳು ಒಂದೇ ತಾಲ್ಲೂಕಿನಲ್ಲಿ ಜಂಟಿಯಾಗಿ ಸರ್ವೇಕ್ಷಣೆ ನಡೆಸಿದರೆ ಎರಡೂ ಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಲಾಭವಿದೆ.

1948ರಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಬಂಧವು ಬಳ್ಳಾರಿಯ ನವಶಿಲಾಯುಗವನ್ನು ಲೋಕಕ್ಕೆ ಪರಿಚಯಿಸಿತು. ಅಂದಿನ ವಿದ್ಯಾರ್ಥಿಗೆ ಇದ್ದ ಕುತೂಹಲ ಇಂದಿನ ವಿದ್ಯಾರ್ಥಿಗೆ ಇಲ್ಲವೆನ್ನಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ. ಅಂದು ಅವನ ಕೈಗೆ ಗುದ್ದಲಿಯನ್ನೂ ಲೇಖನಿಯನ್ನೂ ಕೊಟ್ಟ ವ್ಯವಸ್ಥೆ ಇಂದು ಎರಡನ್ನೂ ಹಿಂತೆಗೆದುಕೊಂಡಿದೆ ಎನ್ನಲು ಮಾತ್ರ ಮೇಲೆ ಕಂಡಷ್ಟು ಆಧಾರಗಳಿವೆ. ಗೊಬ್ಬರದ ಗಾಡಿಯೂ ಜಲ್ಲಿಯ ಯಂತ್ರವೂ ನೇಮಕಾತಿಯ ಅಧಿಸೂಚನೆಗಾಗಿ ಕಾಯುವುದಿಲ್ಲ. ನೆಲೆಗಳು ಅಳಿಯುವುದಕ್ಕೂ ಅವನ್ನು ಓದಬಲ್ಲವರು ಚದುರುವುದಕ್ಕೂ ನಡುವೆ ಉಳಿದಿರುವ ಕಾಲ ಕಿರಿದು ಎಂಬುದನ್ನು ಮನಗಂಡು ಸಂಬಂಧಪಟ್ಟವರು ಈ ದಿಸೆಯಲ್ಲಿ ಕಾರ್ಯೋನ್ಮುಖರಾಗುವುದು ಅಗತ್ಯ.